ಕದಿರು ಒದ್ದಾಡುತ್ತಿದೆ, ತಪ್ಪು ನವಿಲಿನದಾ?

ಪ್ರಶ್ನೆ: ನಾನು ಮೈಸೂರಿನವಳು, ನಿಟ್ಟಿಂಗ್ ಹುಚ್ಚು ಜಾಸ್ತಿ. ನೂಲನ್ನೂ ನಾನೇ ತೆಗೆಯಬೇಕು ಅನ್ನಿಸಿ ಆನ್‌ಲೈನಿನಲ್ಲಿ ಒಂದು ಮರದ ಕದಿರು, ಅಂದರೆ ಕೈಯಲ್ಲಿ ತಿರುಗಿಸಿ ನೂಲು ತೆಗೆಯುವ ಕಡ್ಡಿ, ತರಿಸಿದೆ. ಕಡ್ಡಿಗೆ ಸಿಕ್ಕಿಸಿದ ದುಂಡು ಬಿಲ್ಲೆಯ ಮೇಲೆ ನವಿಲು ಕೆತ್ತಿದ್ದಾರೆ, ನೋಡಲು ತುಂಬಾ ಚೆನ್ನಾಗಿದೆ. ಆದರೆ ತಿರುಗಿಸಿದರೆ ಒದ್ದಾಡುತ್ತದೆ, ಬೇಗ ನಿಂತುಹೋಗುತ್ತದೆ. ನಮ್ಮ ಮನೆಯವರ ಹತ್ತಿರ ಮರ ಕಡೆಯುವ ಒಂದು ಚಿಕ್ಕ ಲೇತ್ ಇದೆ. ಅದರಲ್ಲಿ ನಾವೇ ಕದಿರು ಮಾಡಬಹುದಾ? ಉಣ್ಣೆ, ಹತ್ತಿ ಎರಡೂ ನೂಲಬೇಕು. ಯಾವ ಮರ, ಎಷ್ಟು ತೂಕ? ಚನ್ನಪಟ್ಟಣದ ಗೊಂಬೆಗಳ ಹಾಗೆ ಬಣ್ಣ ಹಾಕಬಹುದಾ? ಒಂದನ್ನು ಗೆಳತಿಗೆ ಉಡುಗೊರೆ ಕೊಡುವ ಆಸೆ, ಹಾಗಾಗಿ ಅಂದವಾಗಿಯೂ ಇರಬೇಕು.

ಉತ್ತರ: ನವಿಲಿನ ಮೇಲೆ ನನಗೂ ಅನುಮಾನ ಇದೆ ಮೇಡಂ. ಆದರೆ ಶಿಕ್ಷೆ ಕೊಡುವ ಮೊದಲು ಒಂದು ವಿಚಾರಣೆ ಆಗಲಿ. ಯಾಕೆಂದರೆ ಕದಿರು ಒದ್ದಾಡುವುದಕ್ಕೆ ಮೂರು ಕಾರಣ ಇರಬಹುದು, ಬಿಲ್ಲೆ ಅದರಲ್ಲಿ ಒಂದು ಮಾತ್ರ. ಇನ್ನೆರಡು ಕಡ್ಡಿ ಮತ್ತು ಅದರ ತುದಿಯ ಕೊಕ್ಕೆ.

ಮೊದಲು ಕಡ್ಡಿ ನೋಡಿ. ಟೀಪಾಯಿಯ ಗಾಜಿನ ಮೇಲೆ ಕಡ್ಡಿಯನ್ನು ಇಟ್ಟು, ಬಿಲ್ಲೆ ಅಂಚಿನಿಂದ ಹೊರಗೆ ಬರುವ ಹಾಗೆ, ನಿಧಾನವಾಗಿ ಉರುಳಿಸಿ. ಕಣ್ಣನ್ನು ಗಾಜಿನ ಮಟ್ಟಕ್ಕೆ ತನ್ನಿ. ಕಡ್ಡಿಯ ಕೆಳಗೆ ಬೆಳಕಿನ ಸಂದು ಬಂದು ಹೋಗಿ, ಬಂದು ಹೋಗಿ ಮಾಡಿದರೆ ಕಡ್ಡಿ ಸೊಟ್ಟ. ಆಮೇಲೆ ಕೊಕ್ಕೆ. ಕದಿರನ್ನು ನೆಟ್ಟಗೆ ಹಿಡಿದು ಬೆರಳಲ್ಲೇ ತಿರುಗಿಸುತ್ತಾ ಕೊಕ್ಕೆಯ ಒಳಬಾಗು, ಅಂದರೆ ನೂಲು ಕೂರುವ ಜಾಗ, ಒಂದೇ ಕಡೆ ನಿಂತಿದೆಯಾ ಇಲ್ಲಾ ಸಣ್ಣ ಸುತ್ತು ಹಾಕುತ್ತಿದೆಯಾ ನೋಡಿ. ಸುತ್ತು ಹಾಕುತ್ತಿದ್ದರೆ ಮೂಗು ಮೊಂಡ ಇರುವ ಇಕ್ಕಳದಿಂದ ಒಂಚೂರು ಬಗ್ಗಿಸಿ, ಕಡ್ಡಿಯ ನಡುಗೆರೆಗೆ ತನ್ನಿ. ನನ್ನ ಹತ್ತಿರ ರಿಪೇರಿಗೆ ಬರುವ ಕದಿರುಗಳಲ್ಲಿ ಅರ್ಧಕ್ಕರ್ಧ ಇಷ್ಟರಲ್ಲೇ ಸರಿ ಹೋಗುತ್ತವೆ. ಅಂಗಡಿಯಲ್ಲಿ ಸಿಗುವ ತಿರುಪಿನ ಕೊಕ್ಕೆಯನ್ನು ಹಾಗೇ ತಿರುಗಿಸಿ ಕೂರಿಸಿಬಿಡುತ್ತಾರೆ, ಅದರ ಬಾಗು ನಡುವಿಗೆ ಬರುವುದೇ ಇಲ್ಲ.

ಇವೆರಡೂ ಸರಿ ಇದ್ದರೆ ಆಗ ನವಿಲು. ಎರಡು ಸ್ಟೀಲ್ ಸ್ಕೇಲುಗಳನ್ನು ಪುಸ್ತಕಗಳ ನಡುವೆ ಸಿಕ್ಕಿಸಿ, ಅಂಚು ಮೇಲೆ ಬರುವ ಹಾಗೆ, ಒಂದೇ ಮಟ್ಟದಲ್ಲಿ ನಿಲ್ಲಿಸಿ. ಅದರ ಮೇಲೆ ಕದಿರನ್ನು ಅಡ್ಡಲಾಗಿ ಇಟ್ಟು ಕೈಬಿಡಿ. ಭಾರದ ಕಡೆ ತಾನಾಗಿ ಕೆಳಗೆ ಬರುತ್ತದೆ. ಮತ್ತೆ ತಿರುಗಿಸಿ ಬಿಡಿ, ಮತ್ತೆ ಅದೇ ಕಡೆ ಕೆಳಗೆ ಬಂದರೆ ಅಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಹಾಕಿ. ಇಲ್ಲೊಂದು ಮೋಜು ಇದೆ. ನವಿಲನ್ನು ಗೀರಿ ಕೊರೆದಿದ್ದರೆ ಆ ಕಡೆ ಮರ ಹೋಗಿದೆ, ಹಾಗಾಗಿ ಎದುರುಕಡೆ ಭಾರ. ಸುತ್ತಲಿನ ಮರ ತೆಗೆದು ನವಿಲನ್ನು ಉಬ್ಬಿಸಿದ್ದರೆ ನವಿಲೇ ಭಾರ. ಯಾವ ಕಡೆ ಭಾರ ಬಂತೋ ಆ ಕಡೆಯ ಬಿಲ್ಲೆಯ ಅಡಿಭಾಗವನ್ನು, ಕಾಣದ ಕಡೆ, ಸ್ಯಾಂಡ್ ಪೇಪರಿನಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಮತ್ತೆ ಸ್ಕೇಲಿನ ಮೇಲೆ ಇಟ್ಟು ನೋಡಿ. ಅವಸರ ಬೇಡ. ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ತನಕ ಉಜ್ಜಬೇಕು, ಆಮೇಲೆ ನೋಡಿ ನಿಮ್ಮ ನವಿಲು ಕುಣಿಯುವುದನ್ನು.

ಈಗ ಹೊಸದು ಮಾಡುವ ವಿಷಯ.

ಮಾತಿನ ಗೊಂದಲ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ. ರಾಟೆಯಲ್ಲಿರುವ ಸೂಜಿಗೆ ಕದಿರು, ಕೈಯಲ್ಲಿ ತಿರುಗಿಸುವ ಪುಟ್ಟದಕ್ಕೆ ತಕಲಿ ಅನ್ನುವುದು ರೂಢಿ. ನಮ್ಮ ತಾತ ಜನಿವಾರಕ್ಕೆ ನೂಲುತ್ತಿದ್ದದ್ದು ತಕಲಿಯಲ್ಲೇ. ಪಡಸಾಲೆಯ ಕಂಬಕ್ಕೆ ಒರಗಿ, ತೆಂಗಿನ ಚಿಪ್ಪಿನಲ್ಲಿ ತಕಲಿಯ ತುದಿ ಊರಿ, ಬಾಯಲ್ಲಿ ಏನೋ ಗೊಣಗುತ್ತಾ ಎಳೆ ತೆಗೆಯುತ್ತಿದ್ದರು. ನಮಗೆ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ, ಅದಕ್ಕೇ ಇರಬೇಕು ಈ ವಯಸ್ಸಿನಲ್ಲಿ ಮನೆ ತುಂಬಾ ಮಾಡಿಟ್ಟುಕೊಂಡಿದ್ದೇನೆ. ಉಣ್ಣೆಗೆ ಬೇಕಾಗುವುದು ಬೇರೆ ತರಹದ್ದು. ಕುರಿ ಕಾಯುತ್ತಾ ದಾರಿಯುದ್ದಕ್ಕೂ ನಡೆಯುತ್ತಲೇ ನೂಲುತ್ತಾರಲ್ಲ ಕುರುಬರು, ಅವರ ಕೈಯಲ್ಲಿರುವ ಹಾಗೆ ಗಾಳಿಯಲ್ಲಿ ನೇತಾಡಿ ತಿರುಗುವಂಥದ್ದು. ಅದಕ್ಕೆ ನಿಮ್ಮ ಹಾಗೆ ನಾನೂ ಕದಿರು ಅಂತಲೇ ಅನ್ನುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ಉಣ್ಣೆ, ಹತ್ತಿ ಎರಡೂ ನೂಲಬೇಕು ಅಂದಿದ್ದೀರಿ. ಒಂದೇ ಕದಿರಿನಲ್ಲಿ ಎರಡೂ ಅಂತ ಮನಸ್ಸಿನಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ಹತ್ತಿಯ ಎಳೆ ಗಿಡ್ಡ, ಒಂದು ಇಂಚಿನ ಆಸುಪಾಸು. ಅಷ್ಟು ಗಿಡ್ಡ ಎಳೆಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದರೆ ಹುರಿ, ಅಂದರೆ ತಿರುಚು, ಜಾಸ್ತಿ ಬೇಕು, 20 ನಂಬರಿನ (ಸಾಧಾರಣ ದಪ್ಪದ) ನೂಲಿಗೆ ಇಂಚಿಗೆ ಹದಿನೈದು ಇಪ್ಪತ್ತು ಸುತ್ತು. ಹುರಿ ಬೀಳುವ ತನಕ ಆ ಎಳೆ ಯಾವ ಭಾರವನ್ನೂ ಹೊರುವುದಿಲ್ಲ. ಮೂವತ್ತು ಗ್ರಾಮಿನ ಕದಿರನ್ನು ಅದಕ್ಕೆ ನೇತುಹಾಕಿದರೆ ಎಳೆ ಜಾರಿ ಕಿತ್ತು, ಕದಿರು ಕಾಲ ಮೇಲೆ. ಅದಕ್ಕೇ ಹತ್ತಿಯ ತಕಲಿ ಹಗುರ, ತೆಳ್ಳಗೆ, ಮತ್ತು ಅದರ ತುದಿ ಯಾವುದಾದರೂ ಬಟ್ಟಲಲ್ಲಿ ಊರಿರುತ್ತದೆ. ಭಾರ ಬಟ್ಟಲ ಮೇಲೆ, ಎಳೆಯ ಮೇಲೆ ಅಲ್ಲ. ಒಳ್ಳೆಯ ಉಣ್ಣೆಯ ಎಳೆ ಎರಡು ಮೂರು ಇಂಚು ಉದ್ದ ಇರುತ್ತದೆ, ಮೈ ಒರಟು, ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಕಡಿಮೆ ಹುರಿಯಲ್ಲೇ ಭಾರ ತಡೆಯುತ್ತದೆ.

ಹಾಗಾಗಿ ಎರಡು ಮಾಡಿ. ಹತ್ತಿಗೆ ಹದಿನೆಂಟು ಇಪ್ಪತ್ತು ಸೆಂಟಿಮೀಟರ್ ಕಡ್ಡಿ, ಮೂರೂವರೆ ಸೆಂ.ಮೀ. ಅಗಲದ ಬಿಲ್ಲೆ, ಒಟ್ಟು 10 ಗ್ರಾಂ ಆಚೀಚೆ. ಕೆಳತುದಿಗೆ ಒಂದು ಸಣ್ಣ ಉಕ್ಕಿನ ಸೂಜಿ ಹುಗಿಸಿ, ಬರೀ ಮರದ ತುದಿ ಬಟ್ಟಲಿಗೆ ಉಜ್ಜಿ ಉಜ್ಜಿ ಮೊಂಡಾಗುತ್ತದೆ. ಹತ್ತಿಯ ಬಗ್ಗೆ ಇಷ್ಟು ಸಾಕು, ಯಾಕೆಂದರೆ ನಿಜ ಹೇಳಬೇಕೆಂದರೆ ಹತ್ತಿ ಕಲಿಯಲು ಖಾದಿಯವರ ಹಿತ್ತಾಳೆ ಬಿಲ್ಲೆಯ ತಕಲಿಗಿಂತ ಒಳ್ಳೆಯದು ಮರದಲ್ಲಿ ಮಾಡುವುದು ಕಷ್ಟ. ನೀವು ಮೈಸೂರಿನವರು, ನಂಜನಗೂಡಿನ ಕಡೆಯ ಬದನವಾಳು ಗೊತ್ತಿರಬೇಕಲ್ಲ, 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರದ ಊರು. ಆ ಕಡೆಯ ಹಿರಿಯ ಹೆಂಗಸರು ಯಾರಾದರೂ ಸಿಕ್ಕರೆ ಅರ್ಧ ದಿನ ಪಕ್ಕದಲ್ಲಿ ಕೂತು, ಹಂಜಿಯನ್ನು, ಅಂದರೆ ನೂಲಲು ಸುರುಳಿ ಮಾಡಿಟ್ಟ ಹತ್ತಿಯನ್ನು, ಹೇಗೆ ಹಿಡಿಯುತ್ತಾರೆ ನೋಡಿ. ನಾನು ಹತ್ತು ಪುಟ ಬರೆದರೂ ಅದು ಬರುವುದಿಲ್ಲ.

ಅಂದ ಚೆಂದಕ್ಕೆಲ್ಲ ಜಾಗ ಇರುವುದು ಉಣ್ಣೆಯ ಕದಿರಿನಲ್ಲಿ. ಅದನ್ನೇ ವಿವರವಾಗಿ ಹೇಳುತ್ತೇನೆ.

ತೂಕ 25ರಿಂದ 35 ಗ್ರಾಂ. ಕಲಿಯುವವರಿಗೆ ಇದೇ ಸರಿ. ಇದಕ್ಕಿಂತ ಹಗುರವಾದರೆ ಸಣ್ಣ ನೂಲು ಬರುತ್ತದೆ ನಿಜ, ಆದರೆ ಹೊಸಬರ ಕೈಯಲ್ಲಿ ಅದು ಹಿಂದಕ್ಕೆ ತಿರುಗಿ ಹುರಿಯೆಲ್ಲ ಬಿಚ್ಚಿಕೊಳ್ಳುತ್ತದೆ. ಕಂಬಳಿಗೆ ಬೇಕಾಗುವಂಥ ದಪ್ಪ ಒರಟು ಎಳೆಗಾದರೆ 50 ಗ್ರಾಂ ಮೇಲೆಯೂ ಹೋಗಬಹುದು.

ಆದರೆ ತೂಕ ಎಷ್ಟು ಅನ್ನುವುದಕ್ಕಿಂತ ತೂಕ ಎಲ್ಲಿದೆ ಅನ್ನುವುದು ದೊಡ್ಡದು. ನೀವು ಬೇಗ ನಿಂತುಹೋಗುತ್ತದೆ ಅಂದಿರಲ್ಲ, ಅದರ ಉತ್ತರ ಇಲ್ಲಿದೆ. ತಿರುಗುವ ವಸ್ತುವಿಗೆ ಒಂದು ಹಠ ಇರುತ್ತದೆ, ತಿರುಗಲು ಶುರು ಮಾಡಿದರೆ ನಿಲ್ಲುವುದಿಲ್ಲ ಅನ್ನುವ ಹಠ. ಆ ಹಠ ಬಿಲ್ಲೆಯ ಅಗಲದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ಅಂದರೆ 25 ಗ್ರಾಮಿನ ಬಿಲ್ಲೆಯನ್ನೇ 5 ಸೆಂ.ಮೀ. ಅಗಲಕ್ಕೆ ಮಾಡುವ ಬದಲು 7 ಸೆಂ.ಮೀ. ಅಗಲಕ್ಕೆ, ತೆಳ್ಳಗೆ ಮಾಡಿದರೆ ಹಠ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಮರ ಅಷ್ಟೇ, ತೂಕ ಅಷ್ಟೇ. ಇನ್ನೂ ಜಾಣತನ ಅಂದರೆ ಬಿಲ್ಲೆಯ ಅಡಿಯನ್ನು ತಟ್ಟೆಯ ಹಾಗೆ ಒಳಗೆ ಗುಳಿ ಮಾಡಿ, ಅಂಚಿನಲ್ಲಿ ದಪ್ಪ ಉಳಿಸುವುದು. ನಡುವಿನ ಮರ ಸುಮ್ನೆ ತೂಕ ಕೊಡುತ್ತದೆ, ತಿರುಗುವುದಕ್ಕೆ ಏನೂ ಸಹಾಯ ಮಾಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಎಷ್ಟೋ ಚೆಂದದ ಕದಿರುಗಳು ಮೂಲಂಗಿಯ ಹಾಗೆ ನಡುವೆ ದಪ್ಪ, ಅಂಚು ಚೂಪು. ಫೋಟೋದಲ್ಲಿ ಚೆಂದ ಕಾಣುತ್ತವೆ, ಅರ್ಧ ಮೊಳ ನೂಲಿಗೆ ಸುಸ್ತಾಗುತ್ತವೆ.

ಕಡ್ಡಿ ಇದಕ್ಕೆ ಉಲ್ಟಾ. ಅದು ಬೆರಳು ಹಿಡಿಯುವ ಜಾಗದಲ್ಲಿ ಎಷ್ಟು ತೆಳ್ಳಗಿದ್ದರೆ ಅಷ್ಟು ಒಳ್ಳೆಯದು. ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ ಬಿಟ್ಟಾಗ ಬೆರಳು ಓಡುವುದು ಹೆಚ್ಚೆಂದರೆ ನಾಲ್ಕು ಸೆಂ.ಮೀ. ಕಡ್ಡಿ 12 ಮಿ.ಮೀ. ದಪ್ಪ ಇದ್ದರೆ ಅಷ್ಟರಲ್ಲಿ ಒಂದು ಸುತ್ತು, 6 ಮಿ.ಮೀ. ಇದ್ದರೆ ಎರಡು ಸುತ್ತು. ಬೆರಳ ಓಟ ಅಷ್ಟೇ, ಸುತ್ತು ಎರಡರಷ್ಟು. ಉದ್ದ 25 ಸೆಂ.ಮೀ. ಇರಲಿ.

ಲೆಕ್ಕ ಹಾಕಿ ನೋಡೋಣ. ಆರೂವರೆ ಸೆಂ.ಮೀ. ಅಗಲ, ಒಂದು ಸೆಂ.ಮೀ. ದಪ್ಪದ ಬಿಲ್ಲೆ ತೇಗದಲ್ಲಿ ಸುಮಾರು 21 ಗ್ರಾಂ, ಬೀಟೆಯಲ್ಲಿ 28 ಗ್ರಾಂ ಬರುತ್ತದೆ. ಅಡಿ ಗುಳಿ ಮಾಡಿದಾಗ ನಾಲ್ಕೈದು ಗ್ರಾಂ ಹೋಗುತ್ತದೆ. ಕಡ್ಡಿ ಆರೇಳು ಗ್ರಾಂ. ಕೊಕ್ಕೆ ಒಂದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು, ಮಾಡುತ್ತಾ ಮಾಡುತ್ತಾ ತೂಗಿ.

ಮರಕ್ಕೆ ಬಂದೆ. ಚನ್ನಪಟ್ಟಣದ ಬಣ್ಣ ಬೇಕು ಅಂದರೆ ಚನ್ನಪಟ್ಟಣದ ಮರವೇ ಸರಿ, ಆಲೆ ಮರ. ಹಾಲೆ ಅಂತಲೂ ಅನ್ನುತ್ತಾರೆ. ದಂತದ ಹಾಗೆ ಬಿಳಿ, ಮೈ ನುಣುಪು, ಎಳೆ ಕಾಣುವುದೇ ಇಲ್ಲ, ಉಳಿಗೆ ಬೆಣ್ಣೆಯ ಹಾಗೆ ಬರುತ್ತದೆ. ಬಣ್ಣ ಬೇಡ, ಮರದ ಅಂದವೇ ಕಾಣಲಿ ಅಂದರೆ ಹಲಸು ನನಗೆ ಇಷ್ಟ. ಹೊಸದರಲ್ಲಿ ಹಳದಿ, ವರ್ಷ ಕಳೆದ ಹಾಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬೀಟೆ ಅಂದರೆ ಎಲ್ಲರಿಗೂ ಆಸೆ. ಹಳೆಯ ಮಂಚದ ಕಾಲಿನ ತುಂಡು ಸಿಕ್ಕರೆ ಬಿಡಬೇಡಿ. ಆದರೆ ಧೂಳು ಕೆಲವರಿಗೆ ಆಗುವುದಿಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಿ. ಇನ್ನೊಂದು ವಿಷಯ, ಬೀಟೆಯ ಇಡೀ ಕುಲ 2017ರಿಂದ ಸೈಟ್ಸ್ ಪಟ್ಟಿಯಲ್ಲಿದೆ, ಅಂದರೆ ಕಾಡಿನ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ. ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ ನಿಯಮ ಏನು ಅಂತ ಮೊದಲೇ ವಿಚಾರಿಸಿಕೊಳ್ಳಿ. ಹೊನ್ನೆ ಬೇಡವೇ ಬೇಡ. ಹೊನ್ನೆ ಮರದ ಲೋಟದಲ್ಲಿ ನೀರು ಇಟ್ಟರೆ ಬಣ್ಣ ತಿರುಗುತ್ತದಲ್ಲ, ಬೆವರು ಕೈಯಲ್ಲಿ ನೂತ ಬಿಳಿ ಉಣ್ಣೆಯೂ ಹಾಗೇ ಕಲೆಯಾಗುತ್ತದೆ. ಕಡ್ಡಿಗೆ ತೇಗ ಅಥವಾ ಚೆನ್ನಾಗಿ ಬಲಿತ ಬಿದಿರು. ಅಡಿಕೆ ದಬ್ಬೆಯಲ್ಲಿ ಮಾಡಿ ನೋಡಿದ್ದೇನೆ, ಗಟ್ಟಿ ಇದೆ, ಆದರೆ ಎಷ್ಟು ಉಜ್ಜಿದರೂ ಒಂದಲ್ಲ ಒಂದು ಸೀಳು ಎದ್ದು ಉಣ್ಣೆಗೆ ಕಚ್ಚಿಕೊಳ್ಳುತ್ತದೆ.

ಯಾವ ಮರವಾದರೂ ಒಣಗಿರಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ನಮ್ಮ ಹಿತ್ತಲಿನ ಹಲಸಿನ ಕೊಂಬೆ ಗಾಳಿಗೆ ಬಿದ್ದಿತ್ತು, ಹಸಿಹಸಿಯಲ್ಲೇ ಆರು ಬಿಲ್ಲೆ ಕಡೆದೆ, ಒಂದಕ್ಕಿಂತ ಒಂದು ಚೆಂದ. ತಿಂಗಳು ಬಿಟ್ಟು ನೋಡಿದರೆ ಆರೂ ಮೊಟ್ಟೆಯ ಆಕಾರಕ್ಕೆ ಬಂದಿದ್ದವು, ಎರಡು ಸೀಳಿಯೂ ಬಿಟ್ಟಿದ್ದವು. ಮರ ಒಣಗುವಾಗ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತದೆ. ಗುಂಡಗಿದ್ದದ್ದು ಗುಂಡಗೆ ಉಳಿಯುವುದು ಹೇಗೆ? ಇನ್ನು ಹಲಗೆ ಆರಿಸುವಾಗ ಕಾವು ಮರ, ಅಂದರೆ ಒಳಗಿನ ಗಾಢ ಬಣ್ಣದ್ದು, ಮತ್ತು ಹೊರಗಿನ ಬೆಳ್ಳಗಿನ ಮರ ಎರಡೂ ಒಂದೇ ಬಿಲ್ಲೆಯಲ್ಲಿ ಬರುವ ಹಾಗೆ ಕತ್ತರಿಸಬೇಡಿ. ಅರ್ಧ ಕಪ್ಪು ಅರ್ಧ ಬಿಳುಪು ನೋಡಲು ಚೆಂದ, ಆದರೆ ಎರಡರ ತೂಕ ಒಂದೇ ಇರುವುದಿಲ್ಲ, ಸ್ಕೇಲಿನ ಮೇಲೆ ಇಟ್ಟ ಕೂಡಲೇ ಕಪ್ಪು ಕಡೆ ಕೆಳಗೆ ಬರುತ್ತದೆ.

ಈಗ ಕೆಲಸದ ಕ್ರಮ. ಇದರಲ್ಲಿ ಒಂದು ಮಾತು ಮಾತ್ರ ಮರೆಯಬೇಡಿ: ತೂತು ಮೊದಲು, ವೃತ್ತ ಆಮೇಲೆ. ಎಲ್ಲರೂ ಮೊದಲು ಚೆಂದವಾಗಿ ಗುಂಡಗೆ ಕತ್ತರಿಸಿ, ನಡುವನ್ನು ಅಳೆದು, ತೂತು ಕೊರೆಯುತ್ತಾರೆ. ಡ್ರಿಲ್ಲಿನ ಮೂತಿ ಅರ್ಧ ಮಿ.ಮೀ. ಜಾರಿದರೂ ಆಯಿತು, ಬಿಲ್ಲೆ ಜೀವನಪೂರ್ತಿ ಕುಂಟುತ್ತದೆ. ಅದರ ಬದಲು ಚೌಕ ತುಂಡಿಗೇ 8 ಮಿ.ಮೀ. ತೂತು ಕೊರೆಯಿರಿ, ನೇರವಾಗಿ ಮಾತ್ರ ಇರಲಿ. ಆ ತೂತಿಗೆ 8 ಮಿ.ಮೀ. ಬೋಲ್ಟ್ ಹಾಕಿ, ಎರಡೂ ಕಡೆ ವಾಷರ್ ಇಟ್ಟು ನಟ್ಟು ಬಿಗಿದು, ಮೂಲೆಗಳನ್ನು ಗರಗಸದಲ್ಲಿ ಕತ್ತರಿಸಿ, ಬೋಲ್ಟನ್ನು ಲೇತಿನ ಚಕ್‌ಗೆ, ಅಂದರೆ ಕಚ್ಚಿ ಹಿಡಿದು ತಿರುಗಿಸುವ ಬಾಯಿಗೆ, ಹಿಡಿಸಿ. ಈಗ ಲೇತ್ ತಿರುಗಿದಾಗ ತೂತೇ ನಡು. ಉಳಿ ಮುಟ್ಟಿದ್ದೆಲ್ಲ ಆ ತೂತಿನ ಸುತ್ತಲೇ ಗುಂಡಗಾಗುತ್ತದೆ, ತಪ್ಪಾಗಲು ಸಾಧ್ಯವೇ ಇಲ್ಲ. ಕನ್ನಡಕ ಹಾಕಿಕೊಳ್ಳದೆ ಲೇತಿನ ಮುಂದೆ ನಿಲ್ಲಬೇಡಿ ಅಂತ ನಿಮ್ಮ ಯಜಮಾನರಿಗೆ ಹೇಳಿ. ಗೊತ್ತಿರುತ್ತದೆ, ಆದರೂ ಹೇಳಿ. ಸೆರಗು, ದುಪಟ್ಟಾ, ಬಿಚ್ಚಿದ ಕೂದಲು ಯಾವುದೂ ಹತ್ತಿರ ಬರಬಾರದು.

ಬಿಲ್ಲೆ ಗುಂಡಗಾದ ಮೇಲೆ ಅಡಿ ಗುಳಿ ಮಾಡಿ, ಮೇಲ್ಮೈಗೆ ಆಕಾರ ಕೊಡಿ, ಉಜ್ಜಿ. ಬೋಲ್ಟಿನಿಂದ ಬಿಚ್ಚಿದ ಮೇಲೆ ನಿಮ್ಮ 8 ಮಿ.ಮೀ. ನಿಟ್ಟಿಂಗ್ ಕಡ್ಡಿಯನ್ನೇ ಆ ತೂತಿಗೆ ಹಾಕಿ ಸ್ಕೇಲಿನ ಪರೀಕ್ಷೆ ಮಾಡಿ. ನಿಟ್ಟಿಂಗ್ ಕಡ್ಡಿ ನೆಟ್ಟಗಿರುತ್ತದೆ, ಅದಕ್ಕಿಂತ ಒಳ್ಳೆಯ ಉಪಕರಣ ನಿಮಗೆ ಬೇಕಿಲ್ಲ.

ಕಡ್ಡಿಯನ್ನು ಬಿಲ್ಲೆ ಕೂರುವ ಕಡೆ 8 ಮಿ.ಮೀ.ಗಿಂತ ಒಂದು ಕೂದಲು ದಪ್ಪ ಬಿಟ್ಟು, ಇನ್ನೊಂದು ತುದಿಗೆ ಹೋಗುತ್ತಾ 5 ಮಿ.ಮೀ.ಗೆ ಇಳಿಸಿ. ತೆಳ್ಳಗಿನ ಕಡ್ಡಿ ಲೇತಿನಲ್ಲಿ ಬಳುಕುತ್ತದೆ, ಹಾಗಾಗಿ ಎಡಗೈಯ ಬೆರಳನ್ನು ಹಿಂದಿನಿಂದ ಹಗುರವಾಗಿ ಆನಿಸಿ ಹಿಡಿಯುತ್ತಾರೆ ಅನುಭವ ಇದ್ದವರು. ಇಲ್ಲದವರು ಉಳಿ ಬಿಟ್ಟು ಸ್ಯಾಂಡ್ ಪೇಪರಿನಲ್ಲೇ ಇಳಿಸಲಿ, ಹೊತ್ತು ಹಿಡಿಯುತ್ತದೆ ಅಷ್ಟೇ. ಕೊಕ್ಕೆಯ ತೂತನ್ನು ಕಡ್ಡಿ ದಪ್ಪ ಇರುವಾಗಲೇ, ಲೇತಿನಲ್ಲೇ ಕೊರೆದುಕೊಳ್ಳಿ. ಇಲ್ಲೂ ಅದೇ ಸೂತ್ರ, ತೂತು ಮೊದಲು. ಕೊಕ್ಕೆಗೆ ಒಂದೂವರೆ ಮಿ.ಮೀ. ಹಿತ್ತಾಳೆ ತಂತಿ ಸಾಕು, ತುದಿಯನ್ನು ಉಜ್ಜಿ ಗುಂಡಗೆ ಮಾಡಿ.

ಬಿಲ್ಲೆ ಕೆಳಗಿರುವ ಕದಿರಾದರೆ ಅದರ ಭಾರಕ್ಕೆ ತಾನೇ ಬಿಗಿಯಾಗಿ ಕೂರುತ್ತದೆ, ಅಂಟು ಬೇಡ. ನೂಲು ತುಂಬಿದ ಮೇಲೆ ಬಿಲ್ಲೆಯನ್ನು ಜಾರಿಸಿ ತೆಗೆಯಲೂಬಹುದು. ಬಿಲ್ಲೆ ಮೇಲಿರುವ, ಕೊಕ್ಕೆಯ ಕದಿರಾದರೆ ಭಾರ ಬಿಡಿಸುವ ಕಡೆಗೇ ಎಳೆಯುತ್ತದೆ, ಅಲ್ಲಿ ಅಂಟು ಬೇಕೇ ಬೇಕು. ಅಂಟು ಹಾಕುವ ಮುಂಚೆ ಒಂದು ಕಸರತ್ತು. ಬಿಲ್ಲೆಯನ್ನು ಕಡ್ಡಿಗೆ ಬಿಗಿಯಾಗಿ ಕೂರಿಸಿ, ತಿರುಗಿಸಿ ನೋಡಿ, ಆಮೇಲೆ ಬಿಲ್ಲೆಯನ್ನು ಕಡ್ಡಿಯ ಮೇಲೆ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ, ಹೀಗೆ ನಾಲ್ಕು ಸಲ. ಕಡ್ಡಿಯಲ್ಲಿ ಒಂಚೂರು ಡೊಂಕು, ಬಿಲ್ಲೆಯಲ್ಲಿ ಒಂಚೂರು ಭಾರ ಇದ್ದೇ ಇರುತ್ತದೆ. ನಾಲ್ಕರಲ್ಲಿ ಒಂದು ಕಡೆ ಎರಡೂ ಒಂದನ್ನೊಂದು ಹೊಡೆದುಹಾಕಿ ಕದಿರು ನಿಶ್ಶಬ್ದವಾಗುತ್ತದೆ. ಬೆರಳಿಗೆ ಗೊತ್ತಾಗುತ್ತದೆ ಅದು, ಎಳೆಯಲ್ಲಿ ನಡುಕ ನಿಂತುಬಿಡುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ ಅಂಟಿಸಿ.

ಇನ್ನು ಅಲಂಕಾರ. ಇದರ ಬಗ್ಗೆ ನನಗೆ ಸ್ವಲ್ಪ ಹಠಮಾರಿ ಅಭಿಪ್ರಾಯ ಇದೆ, ಸಹಿಸಿಕೊಳ್ಳಿ. ಕದಿರಿನ ಚೆಂದ ಎರಡು ಬಗೆ. ಗೋಡೆಗೆ ನೇತುಹಾಕಿದಾಗ ಕಾಣುವುದು ಒಂದು, ತಿರುಗುವಾಗ ಕಾಣುವುದು ಇನ್ನೊಂದು. ನವಿಲು, ಆನೆ, ಹೆಸರಿನ ಅಕ್ಷರ, ಎಷ್ಟು ಕಷ್ಟಪಟ್ಟು ಬರೆದರೂ ತಿರುಗಿದ ಕೂಡಲೇ ಮಾಯ, ಮಸುಕು ಮಸುಕು ಬೂದಿ ಬಣ್ಣ ಮಾತ್ರ. ಆದರೆ ಒಂದರೊಳಗೊಂದು ಸುತ್ತುಗೆರೆ ಇದ್ದರೆ ಅವು ತಿರುಗುವಾಗಲೂ ಅಲ್ಲೇ ಇರುತ್ತವೆ, ಇನ್ನೂ ಚೂಪಾಗಿ ಕಾಣುತ್ತವೆ. ಹೊಯ್ಸಳರ ಗುಡಿಗಳ ಕಡೆದ ಕಂಬಗಳನ್ನು ನೆನಪಿಸಿಕೊಳ್ಳಿ, ಅಲ್ಲಿರುವುದು ಬರೀ ಉಂಗುರಗಳು, ಉಬ್ಬು ತಗ್ಗು, ಆದರೂ ಕಣ್ಣು ಕೀಳಲು ಆಗುವುದಿಲ್ಲ. ಲೇತಿನ ಭಾಷೆಯೇ ಅದು. ಇನ್ನೊಂದು ಲಾಭ, ಸುತ್ತುಗೆರೆ ಎಲ್ಲ ಕಡೆಯಿಂದಲೂ ಸಮನಾಗಿ ಮರ ತೆಗೆಯುತ್ತದೆ, ತೂಕ ಒಂದು ಕಡೆಗೆ ವಾಲುವುದಿಲ್ಲ.

ಸುಲಭದ ಒಂದು ಅಲಂಕಾರ ಹೇಳುತ್ತೇನೆ. ಉಳಿಯ ಮೂಲೆಯಿಂದ ಬಿಲ್ಲೆಯ ಅಂಚಿನ ಮೇಲೆ ಸಣ್ಣ ಗೀರು ಹಾಕಿ. ಒಂದು ತೆಳ್ಳಗಿನ ಸ್ಟೀಲ್ ತಂತಿಯ ಎರಡೂ ತುದಿಗೆ ಮರದ ಹಿಡಿ ಕಟ್ಟಿ (ಬೆರಳಿಗೆ ಸುತ್ತಿಕೊಳ್ಳಬೇಡಿ, ಎಳೆದುಕೊಂಡರೆ ಬೆರಳು ಹೋಗುತ್ತದೆ), ಲೇತ್ ತಿರುಗುವಾಗ ಆ ಗೀರಿಗೆ ಒತ್ತಿ ಹಿಡಿಯಿರಿ. ಹೊಗೆ ಬರುತ್ತದೆ, ಸುಟ್ಟ ವಾಸನೆ ಬರುತ್ತದೆ, ನಾಲ್ಕೇ ಕ್ಷಣದಲ್ಲಿ ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆ. ಆಲೆ ಮರದ ಬಿಳುಪಿನ ಮೇಲೆ ಅಂಥ ಎರಡು ಗೆರೆ ಇದ್ದರೆ ಬೇರೆ ಏನೂ ಬೇಡ ಅನ್ನಿಸುತ್ತದೆ.

ಚಿತ್ರ ಬೇಕೇ ಬೇಕು ಅಂದರೆ ಮೂರು ಅಥವಾ ಆರು ಸಲ ತಿರುಗಿ ತಿರುಗಿ ಬರುವ ಹಾಗೆ ಇಡಿ, ರಂಗೋಲಿಯ ಎಸಳಿನ ಹಾಗೆ. ಒಂದೇ ನವಿಲು ಬೇಡ, ಆರು ಗರಿ ಇರಲಿ. ಕುಂಚದಲ್ಲಿ ಬರೆದ ಚಿತ್ರ ಹೇಗಿದ್ದರೂ ನಡೆಯುತ್ತದೆ, ಬಣ್ಣದ ತೂಕ ಏನೂ ಅಲ್ಲ. ಹಿತ್ತಾಳೆ ಚುಕ್ಕಿ ಕೂರಿಸುವ ಆಸೆ ಇದ್ದರೆ ಜೋಕೆ, ಹಿತ್ತಾಳೆ ಮರದ ಹತ್ತರಷ್ಟು ಭಾರ. ಎದುರು ಬದುರು ಅಷ್ಟಷ್ಟೇ ಇಡಬೇಕು. ಮಕ್ಕಳಿಗೆ ಕೊಡುವುದಾದರೆ ಬಿಲ್ಲೆಯ ಮೇಲೆ ಕೆಂಪು ಹಳದಿ ಎಸಳು ಒಂದಾದ ಮೇಲೊಂದು ಹಾಕಿ, ತಿರುಗಿದಾಗ ಎರಡೂ ಸೇರಿ ಕಿತ್ತಳೆ ಆಗುತ್ತದೆ. ಸುರುಳಿ ಬರೆದರೆ ತಿರುಗುವಾಗ ಅದು ಒಳಗೆ ಹೋಗುತ್ತಿದೆಯೋ ಹೊರಗೆ ಬರುತ್ತಿದೆಯೋ ಅನ್ನುವ ಹಾಗೆ ಕಾಣುತ್ತದೆ. ನನ್ನ ತಂಗಿಯ ಮಗ ನೂಲು ಬಿಟ್ಟು ಅದನ್ನೇ ನೋಡುತ್ತಾ ಕೂತಿರುತ್ತಾನೆ.

ಚನ್ನಪಟ್ಟಣದ ಬಣ್ಣ ಹಾಕಬಹುದಾ ಅಂದಿರಲ್ಲ. ಖಂಡಿತ ಹಾಕಬಹುದು, ಲೇತಿನ ಮೇಲೆ ಇರುವಾಗಲೇ ಹಾಕಬೇಕು. ಅದು ಕುಂಚದಲ್ಲಿ ಬಳಿಯುವ ಬಣ್ಣ ಅಲ್ಲ, ಅರಗು. ಮಹಾಭಾರತದ ಅರಗಿನ ಮನೆಯ ಅರಗೇ, ಮರದ ರೆಂಬೆಗಳ ಮೇಲೆ ಒಂದು ಪುಟ್ಟ ಕೀಟ ಮಾಡುವ ಅಂಟು. ಅದಕ್ಕೆ ಬಣ್ಣ ಕಲಸಿ ಕಡ್ಡಿ ಮಾಡಿರುತ್ತಾರೆ. ತಿರುಗುವ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೆಲ್ಲಗೆ ಹಿಡಿದರೆ ಹತ್ತುವುದಿಲ್ಲ, ಜಾಸ್ತಿ ಒತ್ತಿದರೆ ಗಂಟು ಗಂಟಾಗುತ್ತದೆ. ಮೊದಲ ಸಲ ಗಂಟಾಗಿಯೇ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಆಮೇಲೆ ತಾಳೆಗರಿ. ಹೆಸರು ತಾಳೆಗರಿ ಅಂದರೂ ಅಲ್ಲಿ ಬಳಸುವುದು ಕೇದಗೆ ಜಾತಿಯ ಗಿಡದ ಎಲೆ. ಒಣಗಿದ ಆ ಎಲೆಯನ್ನು ಮಡಿಚಿ, ತಿರುಗುವ ಬಿಲ್ಲೆಗೆ ಒತ್ತಿ ಎಳೆದರೆ ಗಂಟೆಲ್ಲ ಹರಡಿ, ಕನ್ನಡಿಯ ಹಾಗೆ ಹೊಳಪು ಬರುತ್ತದೆ. ನೋಡುತ್ತಿದ್ದ ಹಾಗೆ ಮಂಕು ಬಣ್ಣ ಹೊಳೆಯಲು ಶುರುವಾಗುವ ಆ ಕ್ಷಣಕ್ಕೇ ನಾನು ಈ ಕೆಲಸಕ್ಕೆ ಬಿದ್ದದ್ದು. ಮೈಸೂರಿನಿಂದ ಚನ್ನಪಟ್ಟಣ ಎಷ್ಟು ದೂರ? ಒಂದು ದಿನ ಹೋಗಿ, ಕಲಾವಿದರ ಮನೆಯಲ್ಲೇ ಅರಗಿನ ಕಡ್ಡಿ, ತಾಳೆಗರಿ ತೆಗೆದುಕೊಂಡು, ಅವರ ಕೈ ಹೇಗೆ ಓಡುತ್ತದೆ ನೋಡಿಕೊಂಡು ಬನ್ನಿ.

ಬೋಲ್ಟಿನ ವಾಷರ್ ಕೂತ ಜಾಗಕ್ಕೆ ಬಣ್ಣ ಹತ್ತುವುದಿಲ್ಲ, ನಡುವೆ ಒಂದು ಬಿಳಿ ಚಕ್ರ ಉಳಿಯುತ್ತದೆ. ಮುಚ್ಚಲು ಹೋಗಬೇಡಿ, ಅದನ್ನೇ ಹೂವಿನ ನಡುವಿನ ಹಾಗೆ ಬಿಡಿ, ಅದರ ಸುತ್ತ ಒಂದು ಸುಟ್ಟ ಗೆರೆ ಹಾಕಿದರೆ ಬೇಕಂತಲೇ ಮಾಡಿದ ಹಾಗಿರುತ್ತದೆ. ಅರಿಶಿನದ ಹಳದಿ ಹಾಕಿದರೆ ಬಿಸಿಲಿನಲ್ಲಿ ಇಡಬೇಡಿ, ಬೇಗ ಮಾಸುತ್ತದೆ. ಬಣ್ಣ ಯಾವುದಾದರೂ ಒದ್ದೆ ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ, ಬಟ್ಟೆಗೆ ಹತ್ತಿದರೆ ಉಣ್ಣೆಗೂ ಹತ್ತುತ್ತದೆ.

ಅರಗಿಗೆ ಎರಡು ಶತ್ರು. ಒಂದು ಬಿಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಮರೆತರೆ ಮೆತ್ತಗಾಗಿ ಪಕ್ಕದ ಕಾಗದವೆಲ್ಲ ಅಂಟಿಕೊಂಡಿರುತ್ತದೆ. ಇನ್ನೊಂದು ಸ್ಪಿರಿಟ್, ಅರಗು ಅದರಲ್ಲಿ ಕರಗಿಯೇ ಹೋಗುತ್ತದೆ. ಕೊರೊನಾ ಕಾಲದಲ್ಲಿ ಒಬ್ಬರು ನನ್ನ ಕದಿರು ಅಂಟಂಟು ಆಗಿದೆ, ಕಳಪೆ ಮಾಲು ಅಂತ ವಾಪಸ್ ಕಳಿಸಿದ್ದರು. ನೋಡಿದರೆ ಬಿಲ್ಲೆಯ ಮೇಲೆ ಅಚ್ಚೊತ್ತಿದ ಹಾಗೆ ಬೆರಳ ಗುರುತು. ಕೈಗೆ ಸ್ಯಾನಿಟೈಸರ್ ಹಾಕಿಕೊಂಡು, ಒಣಗುವ ಮುಂಚೆಯೇ ನೂಲಲು ಕೂತಿದ್ದರಂತೆ!

ಕಡ್ಡಿಗೆ ಮಾತ್ರ ಅರಗು ಬೇಡ. ನುಣುಪು ಜಾಸ್ತಿಯಾಗಿ ಸುತ್ತಿದ ನೂಲು ಜಾರುತ್ತದೆ. ನುಣ್ಣಗೆ ಉಜ್ಜಿ, ಅಗಸೆ ಎಣ್ಣೆ ಒಂದು ಕೈ ಒರೆಸಿ, ವಾರ ಹತ್ತು ದಿನ ಪೂರ್ತಿ ಒಣಗಲು ಬಿಡಿ. ಅಡುಗೆಮನೆಯ ಕಡಲೆಕಾಯಿ ಎಣ್ಣೆ, ಹರಳೆಣ್ಣೆ ಹಚ್ಚಬೇಡಿ, ಅವು ಯಾವತ್ತೂ ಒಣಗುವುದಿಲ್ಲ, ಮೊದಲ ನೂಲಿಗೇ ಜಿಡ್ಡು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಹರಡಿ ಒಣಗಿಸಿ, ಆಮೇಲೆ ಬಿಸಾಡಿ.

ಗೆಳತಿಗೆ ಕೊಡುವ ಕದಿರನ್ನು ಖಾಲಿ ಕೊಡಬೇಡಿ. ನೀವೇ ಅದರಲ್ಲಿ ಒಂದೆರಡು ಮೊಳ ನೂತು, ಎಳೆಯನ್ನು ಕಡ್ಡಿಗೆ ಸುತ್ತಿ ಕೊಕ್ಕೆಗೆ ಸಿಕ್ಕಿಸಿಯೇ ಡಬ್ಬಿಗೆ ಹಾಕಿ, ಜೊತೆಗೆ ಒಂದು ಹಿಡಿ ಹಿಂಜಿದ ಉಣ್ಣೆ. ಹೊಸಬರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಮೊದಲ ಎಳೆ ಹಿಡಿಸುವುದು. ನಿಮ್ಮ ಎಳೆಯ ತುದಿಗೆ ಅವರು ತಮ್ಮ ಉಣ್ಣೆ ಸೇರಿಸಿಕೊಂಡು ಮುಂದುವರಿಸಬಹುದು. ಮತ್ತೆ ಆ ನವಿಲಿನ ಕದಿರು ಸ್ಕೇಲಿನ ಮೇಲೆ ಯಾವ ಕಡೆ ಬಿತ್ತು ಅಂತ ನನಗೂ ಒಂದು ಸಾಲು ಬರೆಯಿರಿ.